ಹಳೆಯ ಜೀಪಿನ ಬಾಡಿ ಆಧಾರಗಳ ತಯಾರಿಕೆ: ವೆಚ್ಚ ನಿರ್ಣಯ ಮತ್ತು ಕಾನೂನು

ಬೆಂಗಳೂರಿನ ಶಿವಾಜಿನಗರದ ಗುಜರಿ ಮಾರುಕಟ್ಟೆಯು ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದುದು. ಆದರೆ ಹಳೆಯ ಮಹೀಂದ್ರ ಜೀಪು, ಸೇನೆಯ ಹರಾಜಿನಿಂದ ಬಂದ ಜೋಂಗಾ ಮುಂತಾದ ವಾಹನಗಳ ಬಾಡಿಯನ್ನು ಚಾಸಿಯ ಮೇಲೆ ಹೊತ್ತು ನಿಲ್ಲುವ ಬ್ರಾಕೆಟ್ಟುಗಳು ಸುಸ್ಥಿತಿಯಲ್ಲಿ ದೊರೆಯುವುದು ಕಷ್ಟ. ಕೆಸರು, ನೀರು ಸೇರುವ ಸ್ಥಳದಲ್ಲಿರುವುದರಿಂದ ತುಕ್ಕಿಗೆ ಮೊದಲು ಬಲಿಯಾಗುವ ಭಾಗಗಳಿವು. ಜೋಂಗಾದ ತಯಾರಿಕೆ 1999ರಲ್ಲೇ ನಿಂತಿದೆ. ಆದುದರಿಂದ ಇವನ್ನು ಹೊಸದಾಗಿ ತಯಾರಿಸುವ ಕೆಲಸವು ಶಿವಾಜಿನಗರ, ಹಲಸೂರು, ಕೆ.ಆರ್.ಪುರಂ ಕಡೆಯ ಸಣ್ಣ ವೆಲ್ಡಿಂಗ್ ಷೆಡ್ಡುಗಳಿಗೆ ತಕ್ಕುದಾಗಿದೆ. ಕೆಲಸ ಚೆನ್ನಾಗಿ ಬಲ್ಲವರೂ ಇದರಲ್ಲಿ ನಷ್ಟ ಹೊಂದಬಹುದು. ಅದಕ್ಕೆ ಎರಡು ಕಾರಣಗಳಿವೆ: ತಪ್ಪು ವೆಚ್ಚ ನಿರ್ಣಯ ಮತ್ತು ಕಾನೂನಿನ ಅರಿವಿಲ್ಲದಿರುವುದು.

ಕೆಲಸದ ಕ್ರಮ

ಹಳೆಯ ಬ್ರಾಕೆಟ್ಟನ್ನು ಕತ್ತರಿಸುವ ಮುನ್ನ ಬಾಡಿಗೆ ತಾತ್ಕಾಲಿಕ ಆಧಾರ ಕೊಟ್ಟು, ಚಾಸಿಯ ಎರಡು ಕರ್ಣಗಳನ್ನೂ ಪ್ರತಿ ಆಧಾರದ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ಎಲ್ಲವನ್ನೂ ಒಮ್ಮೆಲೇ ತೆಗೆಯದೆ ಒಂದೊಂದಾಗಿ ಬದಲಿಸುವುದು ಕ್ಷೇಮ. ಇಲ್ಲದಿದ್ದರೆ ಬಾಡಿ ಕುಸಿದು ಬಾಗಿಲುಗಳು ಮುಚ್ಚದಂತಾಗುತ್ತವೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇಂಧನದ ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು. ರಬ್ಬರ್ ಬುಷ್‌ನ ಒಳಗೆ ಉಕ್ಕಿನ ಕೊಳವೆ ಇರಲೇಬೇಕು; ಇಲ್ಲವಾದರೆ ಬೋಲ್ಟು ಬಿಗಿದಷ್ಟೂ ರಬ್ಬರ್ ಹಿಂಡಿಹೋಗುತ್ತದೆ. ನೀರು ಇಳಿದುಹೋಗಲು ರಂಧ್ರ ಬಿಟ್ಟು, ಸತುವಿನ ಪ್ರೈಮರ್ ಬಳಿಯತಕ್ಕದ್ದು.

ವೆಚ್ಚದ ಲೆಕ್ಕ

5 ಮಿ.ಮೀ. ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 39.25 ಕಿ.ಗ್ರಾಂ ತೂಗುತ್ತದೆ. ಒಂದು ಬ್ರಾಕೆಟ್ಟಿಗೆ 150 × 200 ಮಿ.ಮೀ. ತುಂಡು ಬೇಕೆಂದರೆ ಅದರ ತೂಕ ಸುಮಾರು 1.18 ಕಿ.ಗ್ರಾಂ, ಎಂಟಕ್ಕೆ 9.42 ಕಿ.ಗ್ರಾಂ. ಕೊಂಡ ತಗಡಿನಲ್ಲಿ ಶೇ. 15 ಚೂರಾಗಿ ಹೋಗುವುದೆಂದು ಹಿಡಿದರೆ 11.08 ಕಿ.ಗ್ರಾಂ ಕೊಳ್ಳಬೇಕು. ಕೆಳಗಿನ ದರಗಳು ಕೇವಲ ನಿದರ್ಶನಕ್ಕಾಗಿ; ಓದುಗರು ತಮ್ಮ ದರಗಳನ್ನು ಹಾಕಿ ನೋಡಬೇಕು.

ಉಕ್ಕು, ಕಿಲೋಗೆ ರೂ. 70ರಂತೆ: ರೂ. 776
ಇಬ್ಬರ ಕೂಲಿ, 3 ದಿನ, ದಿನಕ್ಕೆ ರೂ. 1,000ದಂತೆ: ರೂ. 6,000
ವೆಲ್ಡಿಂಗ್ ಕಡ್ಡಿ, ಡಿಸ್ಕ್, ಪ್ರೈಮರ್: ರೂ. 1,200
ಬುಷ್, ಬೋಲ್ಟು 8 ಜೊತೆ, ರೂ. 350ರಂತೆ: ರೂ. 2,800
ಒಟ್ಟು ನೇರ ವೆಚ್ಚ: ರೂ. 10,776

ಇಲ್ಲಿಗೇ ಲೆಕ್ಕ ನಿಲ್ಲಿಸಿ ರೂ. 12,000ಕ್ಕೆ ಒಪ್ಪಿಕೊಂಡವನಿಗೆ ರೂ. 1,224 ಲಾಭ ಬಂದಂತೆ ತೋರುತ್ತದೆ. ಆದರೆ ಷೆಡ್ಡಿನ ಬಾಡಿಗೆ, ವಿದ್ಯುತ್, ಯಂತ್ರಗಳ ಸವಕಳಿ ಸೇರಿ ತಿಂಗಳಿಗೆ ರೂ. 52,000 ಖರ್ಚಿದ್ದು, 26 ದಿನ ಕೆಲಸ ನಡೆದು, ಎರಡು ವಾಹನಗಳಿಗೆ ಮಾತ್ರ ಸ್ಥಳವಿದ್ದರೆ, ಒಂದು ವಾಹನದ ಸ್ಥಳಕ್ಕೆ ದಿನಕ್ಕೆ ರೂ. 1,000 ಬೀಳುತ್ತದೆ. ಜೀಪು ಐದು ದಿನ ನಿಂತರೆ ರೂ. 5,000. ನಿಜವಾದ ವೆಚ್ಚ ರೂ. 15,776, ಅಂದರೆ ರೂ. 3,776 ನಷ್ಟ. ಕಬ್ಬಿಣದ ತೂಕವನ್ನಷ್ಟೇ ನೋಡಿ ದರ ಹೇಳುವವರು ಗಮನಿಸಬೇಕಾದುದೆಂದರೆ, ಇಲ್ಲಿ ಉಕ್ಕು ಒಟ್ಟು ವೆಚ್ಚದ ಶೇ. 5ರಷ್ಟು ಮಾತ್ರ. ವೆಚ್ಚದ ಮೇಲೆ ಶೇ. 15 ಲಾಭ ಸೇರಿಸಿದರೆ ಬೆಲೆ ರೂ. 18,142, ಶೇ. 18 ಜಿ.ಎಸ್.ಟಿ. ಸೇರಿ ರೂ. 21,408.

ತೆರಿಗೆ

ಬ್ರಾಕೆಟ್ಟನ್ನು ಬಿಡಿಯಾಗಿ ಮಾರಿದರೆ ಅದು ಸರಕು. ಗಿರಾಕಿಯ ವಾಹನಕ್ಕೆ ಕೂಡಿಸಿ ದುರಸ್ತಿ ಮಾಡಿದರೆ ಸೇವೆ. ಹಿಂದೆ ಬಾಡಿಯ ಬಿಡಿಭಾಗಗಳಿಗೆ ಶೇ. 28 ತೆರಿಗೆಯಿತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿದು ದುರಸ್ತಿ ಸೇವೆಯ ದರಕ್ಕೆ ಸಮನಾಗಿದೆ. ಆದರೂ ವ್ಯತ್ಯಾಸ ಪೂರ್ತಿ ಅಳಿದಿಲ್ಲ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ಸಾಮಾನ್ಯವಾಗಿ 40 ಲಕ್ಷ ರೂ. ವಹಿವಾಟು, ಸೇವೆಯೂ ಸೇರಿದರೆ 20 ಲಕ್ಷ. ನೋಂದಾಯಿತ ಗ್ಯಾರೇಜು ತನ್ನ ತಗಡನ್ನು ಕೊಟ್ಟು ಜಾಬ್ ವರ್ಕ್ ಮಾಡಿಸಿದರೆ ಡೆಲಿವರಿ ಚಲನ್ ಇರಬೇಕು. ಕಾಯ್ದೆಯ 143ನೆಯ ಪ್ರಕರಣದಂತೆ ಆ ಸರಕು ಒಂದು ವರ್ಷದೊಳಗೆ ಹಿಂದಿರುಗಬೇಕು.

ಮೋಟಾರು ವಾಹನ ಕಾಯ್ದೆ

ವಾಹನದ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬೇರೆಯಾದರೆ ಅದನ್ನು 52ನೆಯ ಪ್ರಕರಣವು ‘ಮಾರ್ಪಾಡು’ ಎನ್ನುತ್ತದೆ. ತಯಾರಕರ ವಿವರಗಳಿಗೆ ಭಿನ್ನವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಮೂಲ ಸ್ಥಳದಲ್ಲಿ, ಮೂಲ ಎತ್ತರದಲ್ಲಿ ಬ್ರಾಕೆಟ್ ಬದಲಿಸುವುದು ಒಂದು. ದೊಡ್ಡ ಟೈರು ಹಾಕಲೆಂದು ಬಾಡಿಯನ್ನು ಎತ್ತರಿಸುವುದು ಇನ್ನೊಂದು. 2019ರ ತಿದ್ದುಪಡಿಯಿಂದ ಬಂದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು. ಕಾಯ್ದೆಯ ‘ಡೀಲರ್’ ಎಂಬ ಪದದಲ್ಲಿ ಬಾಡಿ ಕಟ್ಟುವವರೂ ದುರಸ್ತಿ ಮಾಡುವವರೂ ಸೇರುತ್ತಾರೆ. ವಾಹನ ನಿರ್ಮಾಣದ ನಿಯಮಗಳಿಗೆ ವಿರುದ್ಧವಾಗಿ ಮಾರ್ಪಡಿಸಿದರೆ ಅವರಿಗೆ ವಾಹನವೊಂದಕ್ಕೆ ಒಂದು ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಐವತ್ತು ವರ್ಷ ಮೀರಿದ ಜೀಪುಗಳ ವಿಷಯದಲ್ಲಿ ಮತ್ತಷ್ಟು ಎಚ್ಚರ ಬೇಕು. 2021ರ ವಿಂಟೇಜ್ ನೋಂದಣಿ ನಿಯಮಗಳು ಚಾಸಿ, ಬಾಡಿ, ಎಂಜಿನ್ನುಗಳು ಮೂಲರೂಪದಲ್ಲಿರಬೇಕೆನ್ನುತ್ತವೆ.

ಆದುದರಿಂದ ಕೆಲಸ ಒಪ್ಪಿಕೊಳ್ಳುವಾಗಲೇ ಗಿರಾಕಿಯಿಂದ ಲಿಖಿತ ಆದೇಶ ಪಡೆದು, ಮೊದಲಿನ ಮತ್ತು ನಂತರದ ಅಳತೆಗಳನ್ನೂ ಛಾಯಾಚಿತ್ರಗಳನ್ನೂ ಬಿಲ್ಲಿನ ಪ್ರತಿಯೊಡನೆ ಕಾಯ್ದಿಡುವುದು ಒಳಿತು. ಮುಂದೊಮ್ಮೆ ಪ್ರಶ್ನೆ ಎದ್ದರೆ ಮಾಡಿದ್ದು ದುರಸ್ತಿಯೇ ಎಂದು ತೋರಿಸಲು ಈ ದಾಖಲೆಗಳೇ ಆಧಾರ. ಮುಂದಿನ ಜೀಪಿಗೆ ಸರಿಯಾದ ದರ ಹೇಳಲೂ ಅವೇ ನೆರವಾಗುತ್ತವೆ.