ರಾತ್ರಿಯ ಕ್ವಾರ್ಟರು, ಬೆಳಗಿನ ಬೈಕು

ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಸ್ವೆಹಳ್ಳಿ ಕಡೆ ಬಟವಾಡೆ ಆದ ಸಂಜೆ ಕ್ವಾರ್ಟರು ಬಿಚ್ಚುವುದು ಹೊಸ ಸಂಗತಿಯೇನಲ್ಲ. ಕುಡಿದು ಗಾಡಿ ಹತ್ತಬಾರದೆಂದು ಗೊತ್ತಿರುವವರು ಉಂಡು ಮಲಗುತ್ತಾರೆ. ಎಡವುವುದು ಮರುದಿನ ಬೆಳಿಗ್ಗೆ ಆರಕ್ಕೆ, ಹೊನ್ನಾಳಿ ಕಡೆ ಬೈಕ್ ತಿರುಗಿಸುವಾಗ. ‘ರಾತ್ರಿದು ರಾತ್ರಿಗೇ ಇಳೀತು’ ಅನ್ನುವ ಮಾತು ನಿಜವೋ ಸುಳ್ಳೋ, ಒಂದು ಪೆನ್ನು ಹಿಡಿದು ಕೂತರೆ ತಿಳಿಯುತ್ತದೆ.

ಮೊದಲು ಲೇಬಲ್ ನೋಡಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ದಶಾಂಶದ ತಲೆಬಿಸಿ ಬೇಡದವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: 30 ಎಂ.ಎಲ್.ಗೆ 10 ಗ್ರಾಂ. ನೈಂಟಿ ಪ್ಯಾಕೆಟ್ಟಿನಲ್ಲಿ 30 ಗ್ರಾಂ, 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 41 ಗ್ರಾಂ. ‘ನಂದು ಬರೀ ಬಿಯರ್’ ಅನ್ನುವವನು ಪಕ್ಕದ ನೈಂಟಿಯವನಿಗಿಂತ ಹೆಚ್ಚೇ ಕುಡಿದಿರುತ್ತಾನೆ! ನೀರು, ಸೋಡಾ ಎಷ್ಟು ಬೆರೆಸಿದರೂ ಈ ಗ್ರಾಂ ಕಡಿಮೆಯಾಗದು.

ಮುಂದಿನದು ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್ಮಾರ್ಕ್ ಹಾಕಿಕೊಟ್ಟ ಲೆಕ್ಕ. ಗಂಡಸಾದರೆ ದೇಹದ ತೂಕವನ್ನು 0.68ರಿಂದ, ಹೆಂಗಸಾದರೆ 0.55ರಿಂದ ಗುಣಿಸಿ. ಕುಡಿದ ಗ್ರಾಂಗಳನ್ನು 100ರಿಂದ ಗುಣಿಸಿ, ಮೊದಲಿನ ಉತ್ತರದಿಂದ ಭಾಗಿಸಿ. ಬರುವುದು 100 ಎಂ.ಎಲ್. ರಕ್ತದಲ್ಲಿರುವ ಆಲ್ಕೋಹಾಲ್, ಮಿಲಿಗ್ರಾಂ ಲೆಕ್ಕದಲ್ಲಿ. 60 ಕೆ.ಜಿ. ಗಂಡಸಿಗೆ ಒಂದು ನೈಂಟಿಗೆ ಹತ್ತಿರಹತ್ತಿರ 74, ಕ್ವಾರ್ಟರಿಗೆ 147. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಇನ್ನು ಇಳಿಯುವ ಲೆಕ್ಕ. ಗಂಟೆಗೆ ಸರಾಸರಿ 15 ಮಿಲಿಗ್ರಾಂ, ಅಷ್ಟೇ. ರಾತ್ರಿ ಹನ್ನೊಂದಕ್ಕೆ 147 ಇದ್ದದ್ದು ಬೆಳಿಗ್ಗೆ ಆರಕ್ಕೆ 42. ನಿದ್ದೆ ಮುಗಿದಿದೆ, ಮುಖ ತೊಳೆದಾಗಿದೆ, ಊದಿಸಿದರೆ ಕೇಸು! ಪೂರ್ತಿ ಇಳಿಯಲು ಒಂಬತ್ತರ ಹತ್ತಿರವಾಗುತ್ತದೆ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರ ಸ್ನಾನ ಎಲ್ಲ ಎಚ್ಚರವಾದಂತೆ ಅನ್ನಿಸುತ್ತವೆಯೇ ಹೊರತು ಪಿತ್ತಜನಕಾಂಗದ ಕೆಲಸವನ್ನು ಬೇಗ ಮುಗಿಸುವುದಿಲ್ಲ.

ಇದು ಅಂದಾಜು ಮಾತ್ರ. ಊಟ, ಮಾತ್ರೆ, ಮೈಕಟ್ಟಿನ ಮೇಲೆ ಅಂಕಿ ಏರುಪೇರಾಗುತ್ತದೆ. ಲೆಕ್ಕದಲ್ಲಿ 28 ಬಂತೆಂದು ಕೀಲಿ ತಿರುಗಿಸಬೇಡಿ. ಗಾಡಿಗೆ ಸೊನ್ನೆಯೊಂದೇ ಸರಿ. ಟ್ರ್ಯಾಕ್ಟರ್ ಏರುವವರಿಗೆ, ಅಡಿಕೆ ಮರ ಹತ್ತುವವರಿಗೆ, ನಾಲೆಗೆ ಇಳಿಯುವವರಿಗೆ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಊದಿಸುವ ಪೊಲೀಸರೂ ಇರುವುದಿಲ್ಲ.

ಕುಡಿಯದಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಕುಡಿಯುವುದೇ ಆದರೆ ಕೂರುವ ಮೊದಲೇ ಬೈಕಿನ ಕೀಲಿ ಮನೆಯವರ ಕೈಗೆ ಕೊಡಿ, ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ, ಅಳತೆ ಮಾಡಿ ಸುರಿಯಿರಿ. ಕೈಯಂದಾಜಿನ ಪೆಗ್ಗು 30 ಇರುವುದು ಅಪರೂಪ. ಯಾರಾದರೂ ಕುಡಿದು ಎಚ್ಚರ ತಪ್ಪಿದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಿ. ವಾಂತಿ ಮಾಡಿಸಲು ಹೋಗಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ದಿನಾ ಹೆಚ್ಚು ಕುಡಿಯುವವರು ಹಟಕ್ಕೆ ಬಿದ್ದು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಜೀವಕ್ಕೂ ಅಪಾಯ. ಅಂಥವರನ್ನು ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ ಮನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.