ಪಿಎಂಪಿ ಪರೀಕ್ಷೆ: ಕೋಚಿಂಗ್‌ಗೆ ಮೊದಲು ಮಾಡಬೇಕಾದ್ದು

ಪ್ರಾಜೆಕ್ಟ್‌ಗಳನ್ನು ನಡೆಸಿ ಪಳಗಿದವರು ಬಡ್ತಿಗೋ ಹೊಸ ಕೆಲಸಕ್ಕೋ ಹೊರಟಾಗ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಪ್ರಮಾಣಪತ್ರದ ಮಾತು ಬಂದೇ ಬರುತ್ತದೆ. ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) 1984ರಿಂದ ಇದನ್ನು ಕೊಡುತ್ತಿದೆ. ಇದು ಐಟಿಯವರ ಪರೀಕ್ಷೆ ಎಂಬ ನಂಬಿಕೆ ಬೆಂಗಳೂರಿನಲ್ಲಿದೆ. ಆದರೆ ಸೇತುವೆ ಕಟ್ಟಿಸುವವರಿಗೂ ಇದೇ ಪ್ರಶ್ನೆಪತ್ರಿಕೆ. ಬಹಳ ಮಂದಿ ಮೊದಲು ಕೋಚಿಂಗ್ ಶುಲ್ಕ ಕಟ್ಟಿ, ಆಮೇಲೆ ಅರ್ಹತೆ ನೋಡುತ್ತಾರೆ. ಕ್ರಮ ತಿರುವುಮುರುವಾಗಬೇಕು.

ಮೊದಲ ಹೆಜ್ಜೆ, ತಿಂಗಳುಗಳ ಲೆಕ್ಕ. ಪದವೀಧರರು 36 ತಿಂಗಳು, ಪಿಯುಸಿ ಅಥವಾ ಡಿಪ್ಲೊಮಾ ಆದವರು 60 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿರಬೇಕು. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನಡೆಸಿದ್ದರೂ ಅದು ಒಂದೇ ತಿಂಗಳು. ಮಗಳ ಮದುವೆ, ಸ್ವಂತ ಮನೆ ಕಟ್ಟಿಸಿದ್ದು ಲೆಕ್ಕಕ್ಕಿಲ್ಲ, ಎಷ್ಟೇ ಹೈರಾಣಾಗಿದ್ದರೂ! ಹಳೆಯ ಅನುಭವ ಎಷ್ಟು ವರ್ಷದ ಹಿಂದಿನವರೆಗೆ ಸಲ್ಲುತ್ತದೆ ಎಂಬುದನ್ನು ಪಿಎಂಐ ಕೈಪಿಡಿಯ ಇತ್ತೀಚಿನ ಆವೃತ್ತಿಯಲ್ಲೇ ನೋಡಿಕೊಳ್ಳಿ.

ಎರಡನೆಯದು, ಆ ಅನುಭವವನ್ನು ಬರೆಯುವುದು. ಅರ್ಜಿ ಎಡವುವುದು ಹೆಚ್ಚಾಗಿ ಇಲ್ಲೇ. ‘ಸಭೆಗಳಲ್ಲಿ ಭಾಗವಹಿಸಿದೆ, ತಂಡಕ್ಕೆ ನೆರವಾದೆ’ ಎಂದರೆ ನೀವು ಮುನ್ನಡೆಸಿದ್ದೀರಿ ಎಂದಾಗುವುದಿಲ್ಲ. ‘ಗೋದಾಮಿನ ದಾಸ್ತಾನು ತಂತ್ರಾಂಶ ಬದಲಿಸಲು ವೇಳಾಪಟ್ಟಿ ಮತ್ತು ಬಜೆಟ್ ಸಿದ್ಧಪಡಿಸಿದೆ, ಎಂಟು ಜನರ ತಂಡ ನಡೆಸಿದೆ, ಬಳಕೆದಾರರ ಒಪ್ಪಿಗೆ ಪಡೆದು ಹಸ್ತಾಂತರಿಸಿದೆ’ ಎಂದು ಬರೆಯಿರಿ. ಕೆಲವು ಅರ್ಜಿಗಳನ್ನು ಆಡಿಟ್‌ಗೆ ಆರಿಸುತ್ತಾರೆ. ಆಗ ಅಂದಿನ ಮೇಲಧಿಕಾರಿಯ ಸಹಿ ಬೇಕು. ಕಂಪನಿ ಬಿಟ್ಟು ವರ್ಷಗಳಾಗಿದ್ದರೆ ಅರ್ಜಿಗೆ ಮೊದಲೇ ಅವರಿಗೊಂದು ಫೋನ್ ಮಾಡಿ.

ಇದಾದ ಮೇಲೆ, ಅರ್ಜಿ ಹಾಕುವ ಮೊದಲು, 35 ಗಂಟೆಗಳ ತರಬೇತಿ. ಆನ್‌ಲೈನ್ ಕೋರ್ಸ್ ಸಾಕು, ಪ್ರಮಾಣಪತ್ರ ಜೋಪಾನ. ಅನುಭವ ಸಾಲದವರು ಕಾಯುತ್ತ ಕೂರಬೇಕಿಲ್ಲ. 23 ಗಂಟೆಗಳ ತರಬೇತಿ ಮುಗಿಸಿ ಪಿಎಂಐನದೇ ಆರಂಭಿಕ ಹಂತದ ಪರೀಕ್ಷೆ ಸಿಎಪಿಎಂ ಬರೆಯಬಹುದು, ಅದಕ್ಕೆ ಅನುಭವ ಕೇಳುವುದಿಲ್ಲ.

ಓದಿಗೆ ಬಂದರೆ, ಬಾಯಿಪಾಠ ಇಲ್ಲಿ ನಡೆಯದು. 180 ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದು ಸಂದರ್ಭ ಕೊಟ್ಟು ‘ಮೊದಲು ಏನು ಮಾಡುತ್ತೀರಿ’ ಎಂದು ಕೇಳುತ್ತವೆ. ಗ್ರಾಹಕರು ಪ್ರಾಜೆಕ್ಟ್‌ನ ನಡುವೆ ಹೊಸ ಬೇಡಿಕೆ ಇಟ್ಟರು ಎನ್ನಿ. ನಮ್ಮ ಆಫೀಸುಗಳಲ್ಲಿ ತಕ್ಷಣ ‘ಆಯ್ತು ಸರ್’ ಎನ್ನುತ್ತೇವೆ, ಇಲ್ಲವೇ ಬಾಸ್‌ಗೆ ಮೇಲ್ ಹಾಕಿ ಕೈತೊಳೆದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಎರಡೂ ಸಾಮಾನ್ಯವಾಗಿ ತಪ್ಪು. ಹೊಸ ಬೇಡಿಕೆಯಿಂದ ಸಮಯ, ಖರ್ಚು, ಗುಣಮಟ್ಟ ಎಷ್ಟು ಬದಲಾಗುತ್ತದೆಂದು ತಂಡದೊಡನೆ ಕೂತು ಅಳೆಯಬೇಕು, ಆಮೇಲೆ ಒಪ್ಪಿಗೆಗೆ ಕಳಿಸಬೇಕು. ಅಣಕು ಪರೀಕ್ಷೆಯಲ್ಲಿ ಅಂಕಕ್ಕಿಂತ ತಪ್ಪಿದ ಉತ್ತರಗಳ ಕಾರಣ ನೋಡಿ. ಅರ್ಧದಷ್ಟಾದರೂ ಪ್ರಶ್ನೆಗಳು ಅಜೈಲ್ (ಕೆಲಸವನ್ನು ಚಿಕ್ಕ ಸುತ್ತುಗಳಲ್ಲಿ ಮಾಡುತ್ತ ತಿದ್ದಿಕೊಳ್ಳುವ) ಮತ್ತು ಮಿಶ್ರ ವಿಧಾನದ ಮೇಲಿರುತ್ತವೆ. ಕಟ್ಟಡ ನಿರ್ಮಾಣದವರು ಈ ಭಾಗಕ್ಕೆ ಹೆಚ್ಚು ಸಮಯ ಕೊಡಲಿ.

ಪಾಸಾದರೂ ಪ್ರಮಾಣಪತ್ರಕ್ಕೆ ಮೂರೇ ವರ್ಷ ಆಯಸ್ಸು. ಅಷ್ಟರಲ್ಲಿ 60 ಪಿಡಿಯು (ವೃತ್ತಿ ಬೆಳವಣಿಗೆಯ ಅಂಕ) ಗಳಿಸಬೇಕು, ಒಂದು ಗಂಟೆಗೆ ಒಂದು. ಕನಿಷ್ಠ 35 ಕಲಿಕೆಯಿಂದಲೇ ಬರಬೇಕು. ಉಳಿದವನ್ನು ಪಾಠ ಹೇಳಿ, ಲೇಖನ ಬರೆದು, ಸ್ವಯಂಸೇವೆ ಮಾಡಿ ತುಂಬಿಸಬಹುದು. ದಿನನಿತ್ಯದ ಪ್ರಾಜೆಕ್ಟ್ ಕೆಲಸಕ್ಕೂ 8ರವರೆಗೆ ಸಿಗುತ್ತದೆ, ಇದನ್ನು ನಮೂದಿಸಲು ಮರೆಯುವವರೇ ಹೆಚ್ಚು.