ಅರಸನಿಗೆ ಸಲ್ಲುವ ಸೇವೆ

ಅರಿಕುಠಾರವೆಂಬ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರಿಟ್ಟರು. ಅದೇ ನಮ್ಮ ಚಾಮರಾಜನಗರ. ಅರಸರ ಹೆಸರು ಉಳಿಯಿತು, ಅರಸೊತ್ತಿಗೆ ಅಳಿಯಿತು. ಕ್ರೈಸ್ತರಾದ ನಾವು ಯೇಸುವನ್ನು ಎಂದೂ ಅಳಿಯದ ಅರಸನೆಂದು ನಂಬುತ್ತೇವೆ. 1925ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಕ್ರಿಸ್ತರಾಜನ ಹಬ್ಬವನ್ನು ಏರ್ಪಡಿಸಿದ್ದೂ ಇದೇ ನಂಬಿಕೆಯಿಂದ.

ಆದರೆ ಆತನು ಎಂಥ ಅರಸು? ಕತ್ತೆಯೇರಿ ಜೆರುಸಲೇಮಿಗೆ ಬಂದವನು, ಶಿಷ್ಯರ ಪಾದ ತೊಳೆದವನು, ಮುಳ್ಳಿನ ಕಿರೀಟ ಧರಿಸಿದವನು.

ಆ ಪ್ರವೇಶವನ್ನು ನೆನೆಯುವ ಗರಿಗಳ ಭಾನುವಾರ ಜಯಘೋಷ ಮಾಡಿದ ನಾನು, ಮರುದಿನ ಗುಂಡ್ಲುಪೇಟೆಯಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ, ಗಂಟು ಹೊತ್ತು ನಿಂತ ಮುದುಕಿಗೆ ಸ್ಥಳ ಬಿಡದೆ ಓದುತ್ತ ಕುಳಿತೆ. ತೆರಕಣಾಂಬಿಯಲ್ಲಿ ಆಕೆ ಇಳಿದ ಮೇಲೆ ನನ್ನ ಜಯಘೋಷ ಬರಿಯ ಬಾಯಿಮಾತೆನಿಸಿತು. ಪಾದ ತೊಳೆದ ಅರಸನಿಗೆ ಮೊಣಕಾಲೂರಿದರೆ ಸಾಲದು. ಎದ್ದು ನಿಂತು ಇನ್ನೊಬ್ಬರಿಗೆ ಸ್ಥಳ ಕೊಡುವುದೂ ಆರಾಧನೆಯೇ.